ನಾಲ್ಕನೇ ಸಾಲಿನ ತಡೆ

ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿ ನಮಗೆ ಎರಡು ಕೆಲಸ. ಒಬ್ಬೊಬ್ಬರೂ ಒಂದೊಂದು ಜನಪದ ಹಾಡು ಹುಡುಕಿ ಅದರ ಮೇಲೆ ಪ್ರಬಂಧ ಬರೆಯಬೇಕು. ಆಮೇಲೆ ಅದರಲ್ಲಿ ಒಂದು ಹಾಡನ್ನು ಆರಿಸಿ ಆರು ಜನ ಹುಡುಗಿಯರು ಒಟ್ಟಿಗೆ ಹತ್ತು ನಿಮಿಷ ಕುಣಿದು ತೋರಿಸಬೇಕು. ಆರಿಸಿದ್ದು ನನ್ನ ಹಾಡನ್ನು. ತಂಡದ ಮುಂದಾಳು ಕೂಡ ನಾನೇ. ಯಾರೂ ಕೂತು ಚರ್ಚೆ ಮಾಡಿ ನನ್ನನ್ನು ಮುಂದಾಳು ಮಾಡಿದ್ದಲ್ಲ, ಬಾಯಿ ಜೋರಿದ್ದವರಿಗೆ ಆ ಪಟ್ಟ ತಾನಾಗಿ ಬರುತ್ತದೆ.

ನನಗೆ ಅದು ಬೇಕಿತ್ತು ಕೂಡ. ಡಿಗ್ರಿ ಆದ ಮೇಲೆ ಮೂರು ವರ್ಷ ಪುತ್ತೂರಿನ ಗೇರುಬೀಜದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೂತು, ಬಿಟ್ಟು ಬಂದು ಎಂ.ಎ.ಗೆ ಸೇರಿದವಳು ನಾನು. ಸುಳ್ಯದ ಒಂದು ಕಾಲೇಜಿನವರು ಫಲಿತಾಂಶ ಹಿಡಿದುಕೊಂಡು ಬಾ, ಅತಿಥಿ ಉಪನ್ಯಾಸಕಿ ಕೆಲಸ ಉಂಟು ಅಂದಿದ್ದರು. ಈ ವರ್ಷ ತಪ್ಪಿದರೆ ವಾಪಸ್ ಅದೇ ಆಫೀಸು, ಅದೇ ಕುರ್ಚಿ. ಅರಂತೋಡಿನಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತುವಾಗೆಲ್ಲ ಆ ಕುರ್ಚಿ ನೆನಪಾಗುತ್ತಿತ್ತು.

ಹಾಡು ಸಿಕ್ಕಿದ್ದು ಆಲಂಕಾರಿನಲ್ಲಿ. ಹಾಡಿದವರು ಅರವತ್ತು ದಾಟಿದ ಹೆಂಗಸು. ಮೊದಲ ದಿನ ಅಜ್ಜಿ ಅಂದದ್ದಕ್ಕೆ, "ಅಜ್ಜಿ ನಿನ್ನ ಮನೆಯಲ್ಲಿ ಇರ್ಬೇಕು, ಇಲ್ಲಿ ಇಲ್ಲ" ಅಂದರು. ಅಂದಿನಿಂದ ಅಕ್ಕ. ಮನೆ ತುಂಬ ಜನ ಅವರಿಗೆ, ಮಗ ರಿಕ್ಷಾ ಓಡಿಸುತ್ತಾನೆ, ಸೊಸೆ ಅಂಗನವಾಡಿಗೆ ಹೋಗುತ್ತಾಳೆ, ಟಿವಿ ಯಾವಾಗಲೂ ಹೊಡೆದುಕೊಳ್ಳುತ್ತಿರುತ್ತದೆ. ಅಕ್ಕ ಮಾತ್ರ ಜಗಲಿಯಲ್ಲಿ ಗೋಡೆಗೆ ಒರಗಿ, ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿರುವುದು. ಮೊದಲು ಹತ್ತಾರು ಗದ್ದೆಗಳಲ್ಲಿ ನಾಟಿಗೆ ಹೋದವರು. ಅಲ್ಲಿ ಹಾಡುವುದಕ್ಕೆ ಇವರೇ ಆಗಬೇಕು ಅಂತ ಕರೆಯುತ್ತಿದ್ದರಂತೆ. ಆ ಗದ್ದೆಗಳೆಲ್ಲ ತೋಟ ಆಗಿ ಎಷ್ಟೋ ವರ್ಷ ಆಯಿತು.

ಅವರು ಹಾಡಿದ ತುಳು ಹಾಡಿನ ಕಥೆ ಸಣ್ಣದು. ಮದುವೆಯಾಗಿ ಹೋದ ತಂಗಿ, ಅಣ್ಣನ ಗದ್ದೆಗೆ ಅಂತ ನೇಜಿಯ, ಅಂದರೆ ಭತ್ತದ ಸಸಿಯ, ಕಟ್ಟು ತಲೆಯ ಮೇಲೆ ಹೊತ್ತು ಹೊಳೆ ದಾಟಿ ತವರಿಗೆ ಬರುತ್ತಾಳೆ. ಬಂದು ತಲುಪುವ ಹೊತ್ತಿಗೆ ಅಲ್ಲಿ ನಾಟಿ ಮುಗಿದಿರುತ್ತದೆ. ಇವಳ ಸಸಿ ಊರುವುದಕ್ಕೆ ಜಾಗ ಉಳಿದಿಲ್ಲ.

ಮೂರು ಸಲ ಹೋಗಿ ಮೂರು ಸಲವೂ ಇಡೀ ಹಾಡು ರೆಕಾರ್ಡ್ ಮಾಡಿದೆ. ವಿಡಿಯೋ ಮಾಡಲು ಬಿಡಲಿಲ್ಲ. "ನಾನು ಮ್ಯಾಕ್ಸಿಯಲ್ಲಿ ಉಂಟು ಮಾರಾಯ್ತಿ, ಆ ಫೋನಿನಲ್ಲಿ ಬಂದ್ರೆ ಊರೆಲ್ಲ ನೋಡ್ತದೆ" ಅಂದರು. ಸರಿ, ಧ್ವನಿ ಮಾತ್ರ. ಟಿವಿ ಆಫ್ ಮಾಡಿಸಿದೆ. ಕೋಳಿಯನ್ನು ಓಡಿಸಿದೆ. ಬೀಡಿ ಎಲೆ ಕತ್ತರಿಸುವ ಕತ್ತರಿಯ ಸದ್ದು ಟಕ್ ಟಕ್ ಅಂತ ಬರುತ್ತಿತ್ತು. ಅಕ್ಕಾ, ಎಲೆ ಕತ್ತರಿಸುವುದನ್ನು ಆಮೇಲೆ ಮಾಡುತ್ತೀರಾ ಅಂತ ಕೇಳಿದೆ. ಪಾಪ, ನಾನು ಬರುವ ದಿನ ಎಲೆಯೆಲ್ಲ ಮೊದಲೇ ಕತ್ತರಿಸಿಟ್ಟು, ಹಾಡುವಾಗ ಸದ್ದಿಲ್ಲದೆ ಬರೀ ಸುತ್ತಿ ಕಟ್ಟುವ ಕೆಲಸ ಇಟ್ಟುಕೊಂಡರು. ರೆಕಾರ್ಡು ಎಷ್ಟು ಸ್ವಚ್ಛ ಬಂತೆಂದರೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಆ ರೆಕಾರ್ಡಿನಲ್ಲಿ ಒಂದು ವಿಶೇಷ ಇತ್ತು. ಪ್ರತಿ ನಾಲ್ಕನೇ ಸಾಲಿನ ಕೊನೆಗೆ ಅಕ್ಕನ ಸ್ವರ ತಡೆದು ನಿಂತು, ಬಾಯಿ ಮುಚ್ಚಿದ ಹಾಗೆ ಮೂಗಿನಿಂದ "ಮ್ಮ್ಮ್" ಎಂದು ಒಂದು ಎಳೆತ. ಆಮೇಲೆ ಮತ್ತೆ ಹಾಡು. ಮೂರು ರೆಕಾರ್ಡಿನಲ್ಲೂ ಅದೇ ಜಾಗದಲ್ಲಿ. ನಾನು ಸ್ಟಾಪ್‌ವಾಚ್ ಹಿಡಿದು ಅಳೆದೆ. ಒಂದು ಸಲದ ಹಾಡಿಗೆ ನಲವತ್ತೊಂದು ತಡೆ, ಅಷ್ಟನ್ನೂ ಪಟ್ಟಿ ಮಾಡಿದೆ. ಮೂರನೇ ಅಧ್ಯಾಯ ಪೂರ್ತಿ, ಇಪ್ಪತ್ತೆಂಟು ಪುಟ, ಆ ತಡೆಯ ಮೇಲೆಯೇ ಬರೆದೆ. ನನ್ನ ಅತಿ ಪ್ರೀತಿಯ ವಾಕ್ಯ ಹೀಗಿತ್ತು: 'ಬಾಯಿ ಬಿಟ್ಟು ಹೇಳಲಾರದ ಹೆಣ್ಣಿನ ದುಃಖವು ನಾಲ್ಕನೇ ಸಾಲಿನ ಕೊನೆಗೆ ಬಂದು ತಡೆದು ನಿಲ್ಲುತ್ತದೆ, ಅದು ಅರ್ಧ ಮೌನ, ಅರ್ಧ ನಿಟ್ಟುಸಿರು.' ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಸುಲಭಕ್ಕೆ ಹೊಗಳುವವರಲ್ಲ. ಆ ವಾಕ್ಯದ ಬದಿಯಲ್ಲಿ ಪೆನ್ಸಿಲಿನಿಂದ 'ಚೆನ್ನಾಗಿದೆ' ಅಂತ ಬರೆದಿದ್ದರು. ಅದನ್ನು ನಾನು ಅಮ್ಮನಿಗೂ ತೋರಿಸಿದೆ.

ಬರಹ ಸರಿ ಹೋಯಿತು, ಕುಣಿತ ಮಾತ್ರ ಕೈ ಕೊಟ್ಟಿತು.

ನಾಟಿಯ ಚಲನೆಯನ್ನೇ ಹೆಜ್ಜೆಯಾಗಿ ಮಾಡಿಕೊಂಡಿದ್ದೆವು. ಬಗ್ಗುವುದು, ಎಡದಿಂದ ಬಲಕ್ಕೆ ಐದು ಸಲ ಸಸಿ ಊರುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು. ನಾಲ್ಕನೇ ಸಾಲಿನ "ಮ್ಮ್ಮ್" ಬಂದಾಗ ಆರೂ ಜನ ಬಗ್ಗಿದಲ್ಲೇ ಕಲ್ಲಾಗಿ ಬಾಯಿಗೆ ಕೈ ಅಡ್ಡ ಹಿಡಿದು ನಾವೂ ಹಾಗೆಯೇ ಎಳೆಯುವುದು ನನ್ನ ತಲೆಯಿಂದ ಬಂದದ್ದು. ಕಾಗದದ ಮೇಲೆ ಚಂದ ಇತ್ತು. ಕಾಲೇಜಿನ ಸಭಾಂಗಣದಲ್ಲಿ ಅಕ್ಕನ ರೆಕಾರ್ಡು ಹಾಕಿ ಮಾಡಿದಾಗ ಯಾರ ಕಾಲು ಯಾರ ಕಾಲಿಗೋ ಸಿಕ್ಕಿ, ಐದು ಊರುವಷ್ಟು ಹೊತ್ತು ಸಿಗದೆ ಮೂರಕ್ಕೇ ಸಾಲು ಮುಗಿದು, ಒಟ್ಟು ಗೋಜಲು. ಮೊಬೈಲಿನ ತಾಳದ ಆ್ಯಪ್ ಹಾಕಿದೆ. ನಿಧಾನ ಮಾಡಿದೆ, ಜೋರು ಮಾಡಿದೆ. ಊಹೂಂ.

ಕಡಬದಿಂದ ಬರುವ ಹುಡುಗಿಯೊಬ್ಬಳು ತಂಡದಲ್ಲಿದ್ದಳು. ಮಾತು ಕಡಿಮೆ. ನಾಲ್ಕನೇ ಸಾಲಿಗೆ ನಾವು ಕಲ್ಲಾಗಿ ನಿಲ್ಲಬೇಕಾದರೆ ಇವಳು ಎರಡನೇ ಸಾಲು ಮುಗಿದ ಕೂಡಲೇ ಕಾಲನ್ನು ಹಿಂದಕ್ಕೆ ಎಳೆದುಬಿಡುತ್ತಿದ್ದಳು. ಪ್ರತಿ ಸಲ. ಹತ್ತು ಸಲ ಹೇಳಿದೆ, ಇಪ್ಪತ್ತು ಸಲ ಹೇಳಿದೆ. ಕಡೆಗೆ ನನ್ನ ಪಿತ್ತ ನೆತ್ತಿಗೇರಿ ಎಲ್ಲರೆದುರು, "ನಿನಗೆ ಕಿವಿ ಉಂಟಾ ಇಲ್ವಾ? ನಿನ್ನೊಬ್ಬಳಿಂದ ನಾವೆಲ್ಲ ಮುಳುಗುದು" ಅಂದೆ. ಅವಳು ನೀರಿನ ಬಾಟಲಿ ತೆಗೆದುಕೊಂಡು ಹೊರಗೆ ಹೋಗಿ, ಸ್ವಲ್ಪ ಹೊತ್ತಿಗೆ ವಾಪಸ್ ಬಂದು ತನ್ನ ಜಾಗದಲ್ಲಿ ನಿಂತಳು. ಮತ್ತೆ ಎರಡನೇ ಸಾಲಿಗೆ ಕಾಲು ಹಿಂದೆ ಹೋಯಿತು.

ಮೇಡಂ ಒಂದು ದಿನ ಅಭ್ಯಾಸ ನೋಡಲು ಬಂದರು. ನೋಡಿ ಮುಗಿದ ಮೇಲೆ, "ನೀವು ಗದ್ದೆಗೆ ಇಳಿದವರ ಹಾಗೆ ಕಾಣುವುದಿಲ್ಲ, ಬಸ್ಸು ತಪ್ಪಿದವರ ಹಾಗೆ ಕಾಣುತ್ತೀರಿ. ಒಮ್ಮೆ ಹೋಗಿ ನಾಟಿ ಮಾಡಿ ಬನ್ನಿ" ಅಂದರು.

ಹೇಳುವುದು ಸುಲಭ. ನಾಟಿ ಮಾಡಲು ಗದ್ದೆ ಎಲ್ಲುಂಟು? ಫೋನಿನ ಮೇಲೆ ಫೋನು ಮಾಡಿದೆ. ಕೊನೆಗೆ ಮಂಡೆಕೋಲಿನ ನನ್ನ ಚಿಕ್ಕಪ್ಪ ಸಿಕ್ಕಿದರು. ಮನೆ ಖರ್ಚಿನ ಅಕ್ಕಿಗೆ ಅಂತ ಅವರು ಒಂದು ಗದ್ದೆ ಇನ್ನೂ ಉಳಿಸಿಕೊಂಡಿದ್ದಾರೆ. ಆದರೆ ಅವರು ನಾಟಿ ಮಾಡಿಸುವುದು ಯಂತ್ರದಿಂದ. "ಭಾನುವಾರ ಮೆಷಿನ್ ಬರ್ತದೆ, ಗಂಟೆಯೊಳಗೆ ಎಲ್ಲ ಮುಗಿದುಹೋಗ್ತದೆ, ನಿಮಗೆ ಎಂತ ಉಳೀತದೆ?" ಅಂದರು. ಆಮೇಲೆ ಅವರೇ ನೆನಪು ಮಾಡಿಕೊಂಡು, "ಮೂಲೆ ಉಂಟಲ್ಲ! ಮೆಷಿನ್ ತಿರುಗದ ಮೂಲೆಯಲ್ಲಿ ಕೈಯಲ್ಲೇ ನೆಡ್ಬೇಕು. ಅದು ನಿಮ್ದೇ, ಬನ್ನಿ" ಅಂದರು.

ಅಷ್ಟು ಹೊತ್ತಿಗೆ ನನ್ನ ಪ್ರಬಂಧ ಮುಗಿದು, ನಾಲ್ಕು ಪ್ರತಿಗಳು ದಪ್ಪ ರಟ್ಟಿನ ಬೈಂಡಿಂಗ್ ಆಗಿ, ಚಿನ್ನದ ಬಣ್ಣದ ಅಕ್ಷರ ಹೊತ್ತು ಬಂದಾಗಿತ್ತು. ಒಪ್ಪಿಸಲು ಬುಧವಾರ ಕೊನೆಯ ದಿನ. ಕುಣಿತ ಮತ್ತು ಮೌಖಿಕ ಪರೀಕ್ಷೆ ಅದಾಗಿ ಎರಡು ವಾರಕ್ಕೆ. ಭಾನುವಾರ ಗದ್ದೆಗೆ ಹೋಗುವುದು ಬರೀ ಕಾಲು ಸರಿ ಮಾಡಿಕೊಳ್ಳಲು ಅಂತಲೇ ನನ್ನ ಲೆಕ್ಕ. ಅಕ್ಕನನ್ನೂ ಕರೆದೆ. ಅವರ ಮಗ ರಿಕ್ಷಾದಲ್ಲಿ ಕರೆದುಕೊಂಡು ಬರುವುದು ಅಂತ ಆಯಿತು. ಸೀರೆ ಉಟ್ಟು, ಕೂದಲಿಗೆ ಮಲ್ಲಿಗೆ ಮುಡಿದು ಬಂದಿಳಿದರು. "ಈಗ ಬೇಕಾದ್ರೆ ವಿಡಿಯೋ ಮಾಡು" ಅಂದರು. ಚಿಕ್ಕಪ್ಪ ತಮ್ಮ ಫೋನಿನಲ್ಲಿ ಮಾಡುವುದು ಅಂತಾಯಿತು.

ಯಂತ್ರ ತನ್ನ ಪಾಲಿನ ಕೆಲಸ ಮುಗಿಸಿ ಗದ್ದೆಯ ಬದುವಿಗೆ, ಹುಣಿಯ ಮೇಲೆ, ಹತ್ತಿ ನಿಂತಿತ್ತು. ನಮಗೆ ಉಳಿದದ್ದು ಎರಡು ಮೂಲೆ ಮತ್ತು ಬದಿಯ ಒಂದು ಸಪೂರ ಪಟ್ಟಿ. ಯಂತ್ರಕ್ಕೆಂದು ತಟ್ಟೆಯಲ್ಲಿ ಬೆಳೆಸಿದ ಸಸಿ ಗೇಣುದ್ದ ಕೂಡ ಇರಲಿಲ್ಲ. ಅಕ್ಕ ಒಂದು ಹಿಡಿ ಕಿತ್ತು ಬೆಳಕಿಗೆ ಹಿಡಿದು, "ಇದು ನೇಜಿಯಾ ಮಾರಾಯ್ರೆ? ಕರುವಿಗೆ ಹಾಕುವ ಹುಲ್ಲಾ?" ಅಂತ ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ ನಗುತ್ತ, ಈಗ ಹೀಗೆಯೇ, ಹದಿನೆಂಟು ದಿನದ್ದು ಅಂದರು. ಅಕ್ಕನಿಗೆ ಸಮಾಧಾನ ಆಗಲಿಲ್ಲ. ಅಷ್ಟು ಎಳೆಯದನ್ನು ಮಣ್ಣಿಗೆ ಊರಲು ಪಾಪ ಅನ್ನಿಸುತ್ತದೆ ಅಂದರು.

ಇಳಿದೆವು. ಕೆಸರು ಮೊಣಕಾಲಿನ ತನಕ. ನನ್ನ ಒಂದು ಕಾಲು ಎತ್ತಿದರೆ ಇನ್ನೊಂದು ಹೂತುಹೋಗುತ್ತಿತ್ತು. ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಎಡಗೈಯಲ್ಲಿ ನೇಜಿಯ ಕಟ್ಟು ಹಿಡಿದು ಬಗ್ಗಿದರು. ಸ್ವಲ್ಪ ಹೊತ್ತು ಸುಮ್ಮನೆ ನೆಟ್ಟರು. ಆಮೇಲೆ ಹಾಡು ಶುರುವಾಯಿತು.

ನನಗೆ ಮೊದಲು ಗುರುತೇ ಸಿಗಲಿಲ್ಲ. ಪದ ಅದೇ, ಆದರೆ ಹಾಡು ಎರಡು ಪಾಲು ನಿಧಾನ. ಸ್ವರ ಅಷ್ಟು ದೊಡ್ಡದಿರುವುದೂ ನನಗೆ ಗೊತ್ತಿರಲಿಲ್ಲ, ಆಚೆ ಗುಡ್ಡದ ತನಕ ಕೇಳುವ ಹಾಗೆ ಎಳೆದು ಹಾಡುತ್ತಿದ್ದರು. ಐದು ಸಸಿ ಊರಿ ಮುಗಿಯುವುದಕ್ಕೂ ಎರಡನೇ ಸಾಲು ಮುಗಿಯುವುದಕ್ಕೂ ಸರಿಯಾಯಿತು. ಕಾಲು ಹಿಂದೆ ಹೋಯಿತು. ಮತ್ತೆ ಐದು. ನಾವು ಕಾದೆವು. ನಾಲ್ಕನೇ ಸಾಲು ಬಂತು. ಅಭ್ಯಾಸ ಆಗಿತ್ತಲ್ಲ, ಐದು ಜನ ಒಟ್ಟಿಗೆ ಬಾಯಿ ಮುಚ್ಚಿ "ಮ್ಮ್ಮ್" ಅಂದೆವು.

ಅಕ್ಕ ಹಾಡು ನಿಲ್ಲಿಸಿ ತಲೆ ಎತ್ತಿದರು. "ಎಂತ ಅದು? ಹಲ್ಲುನೋವಾ?"

"ನೀವೇ ಹಾಡ್ತೀರಲ್ಲ ಅಕ್ಕ, ನಾಲ್ಕನೇ ಸಾಲಿಗೆ."

"ನಾನಾ? ಯಾವಾಗ? ಗಾಳಿ ಬಡಿದವರ ಹಾಗೆ ಮುಕ್ಕಿರಿಯುದು ನಾನಾ?"

ಹುಣಿಗೆ ಹತ್ತಿ, ಕೈ ಒರೆಸಿ, ಫೋನು ತೆಗೆದು ರೆಕಾರ್ಡು ಹಾಕಿದೆ. ಅಕ್ಕ ಕೆಸರಿನಲ್ಲೇ ನಿಂತು ಕಿವಿ ಕೊಟ್ಟರು. ಮೊದಲ ತಡೆ ಬಂತು, ಹುಬ್ಬು ಗಂಟಾಯಿತು. ಎರಡನೆಯದು ಬಂತು. ಮೂರನೆಯದಕ್ಕೆ ಅವರು ತಮ್ಮ ಬಲಗೈಯನ್ನು ನೋಡಿಕೊಂಡರು, ಬೆರಳು ತಾನಾಗಿ ಏನೋ ಸುತ್ತುತ್ತಿತ್ತು. ಆಮೇಲೆ ನಗು ಬಂತು ನೋಡಿ, ಹೊಟ್ಟೆ ಹಿಡಿದುಕೊಂಡು ಹುಣಿಯ ಮೇಲೆ ಕೂತೇಬಿಟ್ಟರು. "ಅಯ್ಯೋ ದೇವರೇ! ಅದು ನೂಲು ಮಾರಾಯ್ತಿ! ಬೀಡಿ ಸುತ್ತಿ ಆಯ್ತಲ್ಲ, ಆಗ ನೂಲಿನ ತುದಿ ಹಲ್ಲಲ್ಲಿ ಕಚ್ಚಿ ಹಿಡಿದು ಕಟ್ಟುದು ನಾನು. ಬಾಯಿಯಲ್ಲಿ ನೂಲು ಇದ್ದರೆ ಹಾಡುದು ಹೇಗೆ?"

ಚಿಕ್ಕಪ್ಪ ನಕ್ಕರು. ಯಂತ್ರದವನು ನಕ್ಕ. ನಾನೂ ನಕ್ಕೆ ಅಂತ ಕಾಣುತ್ತದೆ. ಲೆಕ್ಕ ಹಾಕಿದ್ದು ಆಮೇಲೆ. ನಾಲ್ಕು ಸಾಲಿಗೆ ಒಂದು ಬೀಡಿ. ನಲವತ್ತೊಂದು ತಡೆ, ನಲವತ್ತೊಂದು ಬೀಡಿ. ನಾನು ಎದುರಿಗೇ ಕೂತಿದ್ದೆ. ಕಣ್ಣಾರೆ ನೋಡಿದ್ದೆ, ಹಲ್ಲಿನಲ್ಲಿ ನೂಲು ಕಚ್ಚಿದ್ದನ್ನೂ ನೋಡಿದ್ದೆ. ನನ್ನ ಕಣ್ಣು ಇದ್ದದ್ದು ಫೋನಿನ ಪರದೆಯ ಮೇಲೆ ಏರಿಳಿಯುವ ಗೆರೆಯ ಮೇಲೆ. ಕತ್ತರಿಯ ಸದ್ದು ಬೇಡ ಅಂದವಳೂ ನಾನೇ. ಅದೊಂದು ಇದ್ದಿದ್ದರೆ ಆಮೇಲೆ ಕೇಳುವಾಗಲಾದರೂ ಬೀಡಿಯ ನೆನಪು ಆಗುತ್ತಿತ್ತೋ ಏನೋ.

ಮತ್ತೆ ಗದ್ದೆಗೆ ಇಳಿದಾಗ ನೋಡಿದೆ, ಕಡಬದ ಹುಡುಗಿ ನಿಲ್ಲಿಸಿಯೇ ಇರಲಿಲ್ಲ. ಅವಳ ಸಾಲು ನೇರ ಇತ್ತು, ನಮ್ಮೆಲ್ಲರದ್ದು ಹಾವು ಹೋದ ಹಾಗೆ. ಮ್ಮ್ಮ್ ಅನ್ನದೆ ಉಳಿದ ಆರನೆಯವಳು ಅವಳೇ.

"ನೀನು ಮೊದಲೇ ನೆಟ್ಟಿದ್ದೀಯಾ?" ಅಂತ ಕೇಳಿದೆ.

"ಹೈಸ್ಕೂಲಿನ ತನಕ ಅಮ್ಮನ ಒಟ್ಟಿಗೆ ಹೋಗ್ತಿದ್ದೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀವು ಕೇಳಿದ್ದು ಕಿವಿ ಉಂಟಾ ಅಂತ" ಅಂದಳು. "ಕಾಲಿನ ವಿಷಯ ಕೇಳ್ಲಿಲ್ಲ."

ತಪ್ಪಾಯಿತು ಅಂತ ಎಲ್ಲರೆದುರು ಹೇಳಿದೆ. ಬೈದದ್ದು ಎಲ್ಲರೆದುರಲ್ಲವಾ, ಇದನ್ನು ಗುಟ್ಟಿನಲ್ಲಿ ಹೇಳಿದರೆ ಆಗುತ್ತದಾ? ಅವಳು "ಇರ್ಲಿ, ನೆಡಿ ನೀವು, ಹಿಂದೆ ಉಳಿದಿದ್ದೀರಿ" ಅಂದಳು. ಮೂಲೆ ಎಷ್ಟು ಸಣ್ಣದು ಅಂದರೆ ಹಾಡಿನಲ್ಲಿ ತಂಗಿ ಹೊಳೆ ದಾಟುವಷ್ಟರಲ್ಲಿ ಗದ್ದೆ ಮುಗಿದುಹೋಯಿತು. ಅಕ್ಕ ಅಲ್ಲಿಗೇ ನಿಲ್ಲಿಸಿ ಕಾಲು ತೊಳೆಯಲು ಹೋದರು.

ಊಟಕ್ಕೆ ಕೂತಾಗ ಅಕ್ಕನಿಗೆ ನನ್ನ ಮುಖ ನೋಡಿ ವಿಷಯ ಅರ್ಥವಾಗಿರಬೇಕು. ಪುಸ್ತಕದಲ್ಲಿ ಬರೆದಾಯಿತಾ ಅಂತ ಕೇಳಿದರು. ಹೌದು, ಬೈಂಡಿಂಗ್ ಕೂಡ ಆಯಿತು ಅಂದೆ. "ಇರ್ಲಿ ಬಿಡು. ನಾನು ಯಾರಿಗೂ ಹೇಳುದಿಲ್ಲ. ಪರೀಕ್ಷೆಯವರು ಎಂತ ಬೀಡಿ ಕಟ್ಟುವವರಾ, ಗೊತ್ತಾಗ್ಲಿಕ್ಕೆ?"

ಸುಳ್ಳು ಹೇಳುವುದಿಲ್ಲ, ಆ ಮಾತು ನನಗೆ ಹಿತವಾಯಿತು. ಬಸ್ಸಿನಲ್ಲಿ ಮನೆ ತಲುಪುವ ತನಕ ಅದನ್ನೇ ಹಿಡಿದುಕೊಂಡಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಪ್ರತಿ ಒಪ್ಪಿಸಿದರೆ ಆಯಿತು. ಫಲಿತಾಂಶ, ಕೆಲಸ, ಮುಗಿಯಿತು. ಆದರೆ ಕುಣಿತ? ನಾವು ಗದ್ದೆಯ ಲಯದಲ್ಲಿ ಕುಣಿದರೆ ಪ್ರಬಂಧ ಸುಳ್ಳಾಗುತ್ತದೆ. ಪ್ರಬಂಧ ಉಳಿಸಬೇಕಾದರೆ ಆರು ಜನ ಬಾಯಿಗೆ ಕೈ ಹಿಡಿದು ಬೀಡಿಯ ನೂಲಿಗೆ ದುಃಖಪಡಬೇಕು. ಅಕ್ಕ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಾರೆ, ಅವರನ್ನು ನಾನೇ ಕರೆದದ್ದು. ಮುಂದೆ ಯಾರೋ ನನ್ನ ಪ್ರಬಂಧ ಓದಿ ಆ ತಡೆಯನ್ನು ಇನ್ನೊಂದು ಕಡೆ ಬರೆಯುತ್ತಾರೆ, ಹಾಗೆಯೇ ಮುಂದುವರಿಯುತ್ತದೆ.

ಸೋಮವಾರ ಬೆಳಿಗ್ಗೆ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಮೂರನೇ ಅಧ್ಯಾಯ ತೆರೆದು, ತಾವೇ ಹೊಗಳಿದ ವಾಕ್ಯವನ್ನು ಮತ್ತೊಮ್ಮೆ ಓದಿದರು. "ನಾನೂ ಮೋಸ ಹೋದೆ ನೋಡು" ಅಂದರು. ಬೈಯಲಿಲ್ಲ. "ಬುಧವಾರ ನಾಲ್ಕು ಗಂಟೆ ದಾಟಿದರೆ ಆಫೀಸಿನವರು ಮುಟ್ಟುವುದಿಲ್ಲ, ನಿನಗೆ ಒಂದು ವರ್ಷ ಹೋಗುತ್ತದೆ. ಹೀಗೇ ಕೊಡು ಅಂತ ನಾನು ಹೇಳುವುದಿಲ್ಲ, ಬದಲಿಸು ಅಂತಲೂ ಹೇಳುವುದಿಲ್ಲ. ವರ್ಷ ನಿನ್ನದು."

ಬದಲಿಸುತ್ತೇನೆ ಅಂದೆ. ಅಂದದ್ದೇ, ಆ ಕುರ್ಚಿ ಕಣ್ಣೆದುರು ಬಂತು.

ಎರಡು ದಿನ ಕಾಲೇಜಿನ ಲೈಬ್ರರಿಯಲ್ಲೇ ಕೂತೆ. ಗದ್ದೆಯ ವಿಡಿಯೋ ಒಂದು ಕಿವಿಗೆ, ಜಗಲಿಯ ರೆಕಾರ್ಡು ಇನ್ನೊಂದಕ್ಕೆ. ಎಲ್ಲಿ ಐದು ಸಸಿ, ಎಲ್ಲಿ ಹೆಜ್ಜೆ, ಎಲ್ಲಿ ಉಸಿರು, ಸಾಲು ಸಾಲಾಗಿ ಗುರುತು ಹಾಕಿದೆ. ಇಪ್ಪತ್ತೆಂಟು ಪುಟ ಕಿತ್ತು ಹಾಕಿ ಹದಿನಾಲ್ಕು ಬರೆದೆ. ಅದರಲ್ಲಿ ಮೊದಲ ಎರಡು ಪುಟ ನಾನು ಹೇಗೆ ತಪ್ಪಿದೆ ಅಂತ, ಕತ್ತರಿಯ ಸದ್ದು ನಿಲ್ಲಿಸಿದ್ದರಿಂದ ಹಿಡಿದು. ಕಡಬದ ಹುಡುಗಿ ಪಕ್ಕದಲ್ಲಿ ಕೂತು ಕಾಲಿನ ಲೆಕ್ಕ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಬೈಂಡಿಂಗಿನವರು ರಟ್ಟು ಹಾಕಲು ಎರಡು ದಿನ ಬೇಕು ಅಂದರು. ಪ್ಲಾಸ್ಟಿಕ್ ಸುರುಳಿಯಲ್ಲೇ ಪೋಣಿಸಿಕೊಂಡು ಓಡಿದೆ. ಆಫೀಸಿನವರು ರಟ್ಟು ಇಲ್ಲ ಅಂತ ತಕರಾರು ತೆಗೆದರು. ಮೇಡಂ ಬಂದು ಸಹಿ ಹಾಕಿ, "ಒಳಗೆ ಇರುವುದು ಸರಿ ಉಂಟು, ತೆಗೆದುಕೊಳ್ಳಿ" ಅಂದರು. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಉಳಿದ ಎರಡು ವಾರ ತಂಡವನ್ನು ಕಡಬದ ಹುಡುಗಿಯ ಕೈಗೆ ಕೊಟ್ಟೆ. ಅವಳು ತಾಳದ ಆ್ಯಪ್ ತೆಗೆಸಿದಳು. ಕೈಯಲ್ಲಿ ಒದ್ದೆ ಬಟ್ಟೆಯ ಕಟ್ಟು ಕೊಟ್ಟಳು, ಎಡಗೈಗೆ ಭಾರ ಇಲ್ಲದಿದ್ದರೆ ಬೆನ್ನು ಸರಿ ಬಗ್ಗುವುದಿಲ್ಲ ಅಂತ. ನನಗೆ ಹಿಂದಿನ ಸಾಲು ಸಿಕ್ಕಿತು. ಬಾಯಿ ಮುಚ್ಚಿಕೊಂಡು ಕುಣಿದೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕುಣಿತ ನೋಡಿ ತಲೆಯಾಡಿಸಿದರು. ಮೌಖಿಕದಲ್ಲಿ ಮಾತ್ರ ಹಿಂಡಿದರು. ಬೇರೆ ಬೀಡಿ ಕಟ್ಟುವವರ ಹಾಡು ಕೇಳಿದ್ದೀರಾ, ಇಲ್ಲ. ಎರಡನೇ ಗದ್ದೆಯಲ್ಲಿ ಪರೀಕ್ಷಿಸಿದ್ದೀರಾ, ಇಲ್ಲ. ಹದಿನಾಲ್ಕು ಪುಟ ತೆಳುವಾಯಿತು ಅಂದರು. ಹೌದು ಸರ್ ಅಂದೆ. ಪಾಸಾದೆ. ಮೇಡಂ ಮೊದಲು ಅಂದಾಜು ಮಾಡಿದ ಅಂಕ ಬರಲಿಲ್ಲ, ರ್‍ಯಾಂಕಿನ ಮಾತು ದೂರ. ಸುಳ್ಯದ ಕೆಲಸಕ್ಕೆ ಅಷ್ಟು ಸಾಕಾಯಿತು.

ಕೆಲಸಕ್ಕೆ ಸೇರುವ ಮುಂಚೆ ಒಂದು ಪ್ರತಿ ಹಿಡಿದುಕೊಂಡು ಆಲಂಕಾರಿಗೆ ಹೋದೆ. ಅಕ್ಕ ಅದೇ ಜಗಲಿಯಲ್ಲಿ, ಅದೇ ಮ್ಯಾಕ್ಸಿಯಲ್ಲಿ. ಹೊಸ ಅಧ್ಯಾಯವನ್ನು ತುಳುವಿನಲ್ಲಿ ಹೇಳುತ್ತ ಹೋದೆ, ಅವರು ಬೀಡಿ ಕಟ್ಟುತ್ತ ಕೇಳಿದರು. ನೂಲಿನ ವಿಷಯ ಬಂದಾಗ ಒಳಗಿದ್ದ ಸೊಸೆಯನ್ನು ಕರೆದು, "ನನ್ನ ಹಲ್ಲು ಪುಸ್ತಕದಲ್ಲಿ ಬಂತು" ಅಂದರು.

ಆಮೇಲೆ, "ಮೊದಲು ಎಂತ ಬರೆದಿದ್ದೆ? ಅದನ್ನೂ ಓದು" ಅಂದರು.

ನಾಚಿಕೆಯಾಯಿತು. ಆದರೂ ಚಿನ್ನದ ಅಕ್ಷರದ ಹಳೆಯ ಪ್ರತಿ ಚೀಲದಲ್ಲೇ ಇತ್ತು, ತೆಗೆದು ಓದಿದೆ. ಬಾಯಿ ಬಿಟ್ಟು ಹೇಳಲಾರದ ದುಃಖ, ಅರ್ಧ ಮೌನ, ಅರ್ಧ ನಿಟ್ಟುಸಿರು. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಹಲ್ಲಿನಲ್ಲಿದ್ದ ನೂಲು ಹಾಗೆಯೇ ಇತ್ತು, ಕೈ ನಿಂತಿತ್ತು.

ನೂಲು ತೆಗೆದು, "ದುಃಖ ಉಂಟು ಅದರಲ್ಲಿ" ಅಂದರು. "ಆದ್ರೆ ಅದು ಅಲ್ಲಿ ಅಲ್ಲ ಇರುದು."

"ಎಲ್ಲಿ ಅಕ್ಕ?"

"ಅವಳು ಹೊಳೆ ದಾಟಿ ಬಂದ ಮೇಲೆ ಅಣ್ಣ ಕೇಳ್ತಾನಲ್ಲ, ಎಂತಕ್ಕೆ ಬಂದದ್ದು ಅಂತ. ಅಲ್ಲಿ. ನಿನ್ನ ರೆಕಾರ್ಡಿಗೆ ಮೂರು ಸಲವೂ ಅದನ್ನು ನಾನು ಓಡಿಸಿಬಿಟ್ಟೆ, ಬೀಡಿ ಒಪ್ಪಿಸ್ಲಿಕ್ಕೆ ಹೊತ್ತಾಗಿತ್ತು. ಮೊನ್ನೆ ಗದ್ದೆ ಅಲ್ಲಿ ತನಕ ಬರ್ಲೇ ಇಲ್ಲ."

ಗೆರಸೆಯನ್ನು ತೊಡೆಯಿಂದ ಎತ್ತಿ ಆಚೆ ಇಟ್ಟರು. ಅದು ಇಲ್ಲದೆ ಕೂತ ಅವರನ್ನು ನಾನು ಆ ಜಗಲಿಯಲ್ಲಿ ನೋಡಿದ್ದು ಅದೇ ಮೊದಲು. ತಂಬಾಕಿನ ಪುಡಿಯನ್ನು ಕೊಡವಿ, ಎರಡೂ ಅಂಗೈ ನನ್ನೆದುರು ಬಿಡಿಸಿ ತೋರಿಸಿದರು.

"ಫೋನು ಹಾಕು. ಕೈಯಲ್ಲಿ ಎಂತ ಇಲ್ಲ, ಸರಿ ನೋಡಿಕೊ."